ಪರದೇಶದಲ್ಲಿ ಖರೀದಿ: ವಿಮಾನ ಹತ್ತುವ ಮುಂಚೆ ಗೊತ್ತಿರಬೇಕಾದ ಹಕ್ಕುಗಳು

2014ರ ನವೆಂಬರ್‌ನಲ್ಲಿ ವಿಯೆಟ್ನಾಂನ ಪ್ರವಾಸಿಯೊಬ್ಬ ಸಿಂಗಾಪುರದ ಸಿಮ್ ಲಿಮ್ ಸ್ಕ್ವೇರ್‌ಗೆ ಫೋನ್ ಕೊಳ್ಳಲು ಹೋದ. ಮಹಡಿ ಮಹಡಿಗೂ ಎಲೆಕ್ಟ್ರಾನಿಕ್ಸ್ ಅಂಗಡಿ ತುಂಬಿರುವ ಕಟ್ಟಡ ಅದು. ಗೆಳತಿಗೆ ಐಫೋನ್ 6 ಕೊಡಿಸಬೇಕು ಅನ್ನುವ ಆಸೆ. ಊರಲ್ಲಿ ಅವನದು ಕಾರ್ಖಾನೆ ಕೆಲಸ, ತಿಂಗಳಿಗೆ ಸುಮಾರು 200 ಡಾಲರ್ ಸಂಬಳ. 950 ಸಿಂಗಾಪುರ ಡಾಲರ್ ಎಣಿಸಿ ಕೊಟ್ಟ. ಫೋನ್ ಕೈಗೆ ಕೊಡುವ ಮುಂಚೆ ಅಂಗಡಿಯವರು ಕೇಳಿದರು: ವಾರಂಟಿ ಒಂದು ವರ್ಷಕ್ಕೆ ಬೇಕಾ, ಎರಡು ವರ್ಷಕ್ಕೆ ಬೇಕಾ? ಫೋನಿನ ಜೊತೆ ಬರುವ ವಾರಂಟಿ ಇರಬೇಕು ಅಂದುಕೊಂಡು ಒಂದು ವರ್ಷ ಅಂದ. ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದ. ಆಮೇಲೆ ಗೊತ್ತಾಯಿತು, ಆ ವಾರಂಟಿಗೆ ಇನ್ನೂ 1,500 ಡಾಲರ್ ಕಟ್ಟಬೇಕಂತೆ. ಕಟ್ಟದಿದ್ದರೆ ಫೋನೂ ಇಲ್ಲ, ಕೊಟ್ಟ ದುಡ್ಡೂ ಪೂರ್ತಿ ವಾಪಸ್ ಇಲ್ಲ.

ಅವನು ಅಂಗಡಿಯ ನೆಲದ ಮೇಲೆ ಮಂಡಿಯೂರಿ ಅತ್ತ. ಅಲ್ಲಿದ್ದವರು ತೆಗೆದ ವಿಡಿಯೊ ಊರೆಲ್ಲ ಹರಡಿತು. ಕೊನೆಗೆ ಗ್ರಾಹಕ ಸಂಘದ ಮೂಲಕ ಅವನಿಗೆ ಸಿಕ್ಕಿದ್ದು 400 ಡಾಲರ್ ಮಾತ್ರ.

ಅದೇ ದಿನಗಳಲ್ಲಿ ಅದೇ ಅಂಗಡಿಯ ಇನ್ನೊಂದು ಸುದ್ದಿಯೂ ಬಂದಿತ್ತು. ಚೀನಾದ ಮಹಿಳೆಯೊಬ್ಬರು ಅಂಗಡಿಯ ವಿರುದ್ಧ ಸಣ್ಣ ವ್ಯಾಜ್ಯಗಳ ನ್ಯಾಯಮಂಡಳಿಗೆ ಹೋಗಿ ಗೆದ್ದಿದ್ದರು. 1,010 ಡಾಲರ್ ವಾಪಸ್ ಕೊಡಬೇಕೆಂದು ಆದೇಶವಾಯಿತು. ಅಂಗಡಿಯವರು ಅವಮಾನ ಮಾಡಲೆಂದೇ ಆ ಹಣವನ್ನು ಚೀಲ ತುಂಬ ಚಿಲ್ಲರೆ ನಾಣ್ಯವಾಗಿ ಕೊಟ್ಟರು. ಆದರೂ ಕೊಟ್ಟರು. ಅಂಗಡಿ ಮಾಲೀಕನಿಗೆ 2015ರ ನವೆಂಬರ್‌ನಲ್ಲಿ 33 ತಿಂಗಳ ಜೈಲು ಮತ್ತು 2,000 ಡಾಲರ್ ದಂಡವಾಯಿತು. 2016ರಲ್ಲಿ ಸಿಂಗಾಪುರ ತನ್ನ ಗ್ರಾಹಕ ಕಾನೂನನ್ನು ಬಿಗಿ ಮಾಡಿ, ಮೋಸ ಮಾಡುವ ಅಂಗಡಿಗಳ ಮೇಲೆ ಸರ್ಕಾರಿ ಸಂಸ್ಥೆಯೇ ಕ್ರಮಕ್ಕೆ ಇಳಿಯುವ ಹಾಗೆ ಮಾಡಿತು.

ಇಬ್ಬರಿಗೂ ಇದ್ದದ್ದು ಒಂದೇ ಕಾನೂನು. ಒಬ್ಬರು ನ್ಯಾಯಮಂಡಳಿಯ ತನಕ ಹೋದರು, ಇನ್ನೊಬ್ಬ ರಜೆಗೆ ಬಂದವನು, ಸಿಕ್ಕಷ್ಟು ತೆಗೆದುಕೊಂಡು ಊರಿಗೆ ಹೊರಡಬೇಕಿತ್ತು. ಪರದೇಶದಲ್ಲಿ ಖರೀದಿ ಮಾಡುವವರ ಮುಖ್ಯ ತೊಡಕು ಇದೇ. ಪ್ರವಾಸಿಯ ಕೈ ಕಟ್ಟಿಹಾಕುವುದು ರಿಟರ್ನ್ ಟಿಕೆಟ್. ನಾಳೆ ಬೆಳಿಗ್ಗೆ ಇವರು ಹೊರಡುತ್ತಾರೆ ಎಂದು ಅಂಗಡಿಯವನಿಗೆ ಗೊತ್ತಿರುತ್ತದೆ. ನಾವು ಸಾಮಾನ್ಯವಾಗಿ ಮಾಡುವುದೇನು? ಮೊದಲ ದಿನಗಳೆಲ್ಲ ಸುತ್ತಾಟ, ಕೊನೆಯ ದಿನ ಶಾಪಿಂಗ್. ಅಂದರೆ ನಮ್ಮ ಹಕ್ಕು ಬಳಸಲು ಬೇಕಾದ ಸಮಯವನ್ನು ನಾವೇ ಕಳೆದುಕೊಂಡು ಅಂಗಡಿಗೆ ಹೋಗುತ್ತೇವೆ.

ಆದ್ದರಿಂದ ನನ್ನ ಮೊದಲ ಸಲಹೆ ಇಷ್ಟೇ: ಬೆಲೆಬಾಳುವ ವಸ್ತು ಕೊಳ್ಳುವುದಿದ್ದರೆ ಪ್ರವಾಸದ ಮೊದಲ ಅಥವಾ ಎರಡನೇ ದಿನ ಕೊಳ್ಳಿ. ಚಾಕೊಲೇಟ್, ಕೀ ಚೈನ್, ಟೀ ಶರ್ಟ್ ಕೊನೆಗೆ ಇರಲಿ. ಫೋನ್, ಕ್ಯಾಮೆರಾ, ವಾಚು, ಒಡವೆ ಮೊದಲಿಗೆ ಆಗಲಿ. ಕೆಟ್ಟಿದ್ದರೆ ಅಲ್ಲಿರುವಾಗಲೇ ಗೊತ್ತಾಗುತ್ತದೆ, ವಾಪಸ್ ಹೋಗಿ ಕೇಳಲು ಒಂದೆರಡು ದಿನ ಉಳಿದಿರುತ್ತದೆ.

ಕಾನೂನು ಯಾವ ಊರಿನದು?

ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆ ಒಳ್ಳೆಯ ಕಾನೂನು. ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಆದರೆ ಬ್ಯಾಂಕಾಕ್‌ನ ಅಂಗಡಿಯವನಿಗೂ ಮಂಡ್ಯದ ಆಯೋಗಕ್ಕೂ ಏನು ಸಂಬಂಧ? ಅಲ್ಲಿ ಕೊಂಡ ವಸ್ತುವಿಗೆ ಅಲ್ಲಿನ ಕಾನೂನೇ ಕಾವಲು. ಸಮಾಧಾನದ ವಿಷಯವೆಂದರೆ ಹೆಚ್ಚಿನ ದೇಶಗಳಲ್ಲಿ ಆ ಕಾವಲು ಪ್ರವಾಸಿಗೂ ಸಿಗುತ್ತದೆ.

ಸಿಂಗಾಪುರದಲ್ಲಿ 2012ರ ಸೆಪ್ಟೆಂಬರ್‌ನಿಂದ 'ಲೆಮನ್ ಲಾ' ಜಾರಿಯಲ್ಲಿದೆ. ಕೊಂಡ ಆರು ತಿಂಗಳೊಳಗೆ ದೋಷ ಕಂಡರೆ, ಅದು ಮಾರುವಾಗಲೇ ಇತ್ತು ಎಂದೇ ಕಾನೂನು ಭಾವಿಸುತ್ತದೆ. ಇರಲಿಲ್ಲ ಎಂದು ತೋರಿಸುವ ಹೊಣೆ ಅಂಗಡಿಯವನದು. ಮೊದಲು ರಿಪೇರಿ ಅಥವಾ ಬೇರೆ ವಸ್ತು. ಅದಾಗದಿದ್ದರೆ ಬೆಲೆ ಇಳಿಸಬೇಕು ಅಥವಾ ಹಣ ವಾಪಸ್ ಕೊಡಬೇಕು. ಜಗಳ ಬಗೆಹರಿಯದಿದ್ದರೆ ಆ ಚೀನಾ ಮಹಿಳೆ ಹೋದ ನ್ಯಾಯಮಂಡಳಿ ಇದೆ. 20,000 ಡಾಲರ್‌ವರೆಗಿನ ವ್ಯಾಜ್ಯ ಅಲ್ಲಿಗೆ ಹೋಗುತ್ತದೆ. ವಕೀಲರಿಗೆ ಪ್ರವೇಶವಿಲ್ಲ, ಸಣ್ಣ ಮೊತ್ತಕ್ಕೆ ಶುಲ್ಕ 10 ಡಾಲರ್. ಪ್ರವಾಸಿಗಳ ದೂರನ್ನು ಬೇಗ ಕೈಗೆತ್ತಿಕೊಳ್ಳುವ ಏರ್ಪಾಡೂ ಇದೆ. ಇಷ್ಟೆಲ್ಲ ಇರುವಾಗ ಅಂಗಡಿಯವನ ಜೊತೆ ಗಂಟಲು ಹರಿದುಕೊಳ್ಳುವುದರಿಂದ ಏನೂ ಪ್ರಯೋಜನವಿಲ್ಲ. 'ನಾನು ನ್ಯಾಯಮಂಡಳಿಗೆ ಹೋಗುತ್ತೇನೆ, ನಿಮ್ಮ ಅಂಗಡಿಯ ನೋಂದಣಿ ಸಂಖ್ಯೆ ಬಿಲ್ಲಿನಲ್ಲಿ ಬರೆದುಕೊಡಿ' ಎಂದು ತಣ್ಣಗೆ ಹೇಳುವುದು ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಬ್ರಿಟನ್ನಿನ 2015ರ ಕಾನೂನಿನ ಪ್ರಕಾರ ದೋಷವಿರುವ ವಸ್ತುವನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ಯುರೋಪ್ ಒಕ್ಕೂಟದ ದೇಶಗಳಲ್ಲಿ ಮಾರಿದವನು ಕನಿಷ್ಠ ಎರಡು ವರ್ಷ ಹೊಣೆ ಹೊರಬೇಕು. ಆಸ್ಟ್ರೇಲಿಯಾದಲ್ಲಿ 'ನೋ ರಿಫಂಡ್' ಎಂದು ಬೋರ್ಡು ಹಾಕುವುದೇ ಕಾನೂನುಬಾಹಿರ. ದುಬೈನಲ್ಲಿ 2020ರ ಗ್ರಾಹಕ ಕಾನೂನು ಇದೆ, ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು. ಥಾಯ್ಲೆಂಡಿನಲ್ಲಿ 1155 ಪ್ರವಾಸಿ ಪೊಲೀಸರ ಸಂಖ್ಯೆ. ಹೋಟೆಲ್ ಸಂಖ್ಯೆಯ ಜೊತೆ ಇದನ್ನೂ ಫೋನಿನಲ್ಲಿ ಉಳಿಸಿಕೊಳ್ಳಿ.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿದೆ. ಈ ಕಾನೂನುಗಳೆಲ್ಲ ದೋಷವಿರುವ ವಸ್ತುವಿಗೆ, ಸುಳ್ಳು ಹೇಳಿ ಮಾರಿದ ವಸ್ತುವಿಗೆ. 'ರೂಮಿಗೆ ಹೋದ ಮೇಲೆ ಬಣ್ಣ ಇಷ್ಟವಾಗಲಿಲ್ಲ' ಅನ್ನುವುದಕ್ಕೆ ಅಲ್ಲ. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದ ನಮ್ಮ ಹಿರಿಯರು ಅಲ್ಲಿನ ಅಂಗಡಿಗಳು ಏನು ಕೊಟ್ಟರೂ ಕೇಳದೆ ವಾಪಸ್ ತೆಗೆದುಕೊಳ್ಳುವುದನ್ನು ನೋಡಿ, ಹೊರದೇಶದಲ್ಲೆಲ್ಲ ಹೀಗೇ ಎಂದು ನಂಬಿಬಿಡುತ್ತಾರೆ. ಅದು ಆ ಅಂಗಡಿಗಳು ತಾವಾಗಿಯೇ ಇಟ್ಟುಕೊಂಡ ಪದ್ಧತಿ. ಎಲ್ಲ ಅಂಗಡಿಗೂ ಅನ್ವಯಿಸುವ ಕಾನೂನಲ್ಲ. ಯುರೋಪಿನಲ್ಲಿ ಕಾರಣ ಕೊಡದೆ ವಾಪಸ್ ಮಾಡುವ 14 ದಿನಗಳ ಹಕ್ಕು ಇದೆ ನಿಜ. ಅದು ಆನ್‌ಲೈನ್ ಖರೀದಿಗೆ, ನೀವೇ ಅಂಗಡಿಗೆ ಹೋಗಿ ಕೊಂಡದ್ದಕ್ಕಲ್ಲ. ದುಡ್ಡು ಕೊಡುವ ಮುಂಚೆ 'ವಾಪಸ್ ಮಾಡಬಹುದಾ, ಎಷ್ಟು ದಿನದೊಳಗೆ, ಹಣ ಕೊಡುತ್ತೀರಾ ಅಥವಾ ಬೇರೆ ವಸ್ತು ಕೊಡುತ್ತೀರಾ' ಎಂದು ಕೇಳಿ, ಉತ್ತರ ಬಿಲ್ಲಿನ ಮೇಲೆ ಇದೆಯೋ ನೋಡಿ.

ನಮ್ಮನ್ನು ಎಡವಿಸುವ ಇನ್ನೊಂದು ಸಂಗತಿ ಎಂಆರ್‌ಪಿ. ಇಲ್ಲಿ ಬಿಸ್ಕತ್ ಪೊಟ್ಟಣದಿಂದ ಹಿಡಿದು ಮಿಕ್ಸಿವರೆಗೆ ಡಬ್ಬದ ಮೇಲೆ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ, ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಕೇಳಿದರೆ ಪ್ರಶ್ನಿಸುತ್ತೇವೆ. ಸಿಂಗಾಪುರ, ದುಬೈ, ಲಂಡನ್, ಎಲ್ಲಿಯೂ ಡಬ್ಬದ ಮೇಲೆ ಹೀಗೆ ಬೆಲೆ ಇರುವುದಿಲ್ಲ. ಒಂದೇ ವಸ್ತುವಿಗೆ ಒಂದೇ ಬೀದಿಯಲ್ಲಿ ಮೂರು ಅಂಗಡಿಯವರು ಮೂರು ಬೆಲೆ ಹೇಳಬಹುದು, ಅದು ತಪ್ಪೂ ಅಲ್ಲ. ಆದ್ದರಿಂದ ಬೆಂಗಳೂರಿನಿಂದ ಹೊರಡುವ ಮುಂಚೆಯೇ ನಿಮಗೆ ಬೇಕಾದ ಮಾಡೆಲ್ಲಿಗೆ ಇಲ್ಲಿ ಎಷ್ಟು, ಅಲ್ಲಿನ ಕಂಪನಿ ಮಳಿಗೆಯಲ್ಲಿ ಎಷ್ಟು ಎಂದು ಬರೆದಿಟ್ಟುಕೊಳ್ಳಿ. ಅಲ್ಲಿ ಹೋಗಿ ಮಾರಾಟಗಾರ ಹೇಳಿದ 'ಡಿಸ್ಕೌಂಟ್' ಯಾವ ಬೆಲೆಯ ಮೇಲೆ ಎಂದು ಆಗ ತಾನೇ ಗೊತ್ತಾಗುವುದು, ಅಲ್ವಾ?

ಬಸ್ಸು ನಿಂತಲ್ಲೆಲ್ಲ ಇಳಿಯಬೇಕಿಲ್ಲ

ನಮ್ಮಲ್ಲಿ ಬಹಳ ಜನ ಹೋಗುವುದು ಗುಂಪು ಪ್ರವಾಸದಲ್ಲಿ. ಕ್ವಾಲಾಲಂಪುರದಲ್ಲಿ ಚಾಕೊಲೇಟ್ ಅಂಗಡಿ, ಬ್ಯಾಂಕಾಕ್‌ನಲ್ಲಿ ಹರಳು-ಒಡವೆಯ ಗ್ಯಾಲರಿ, ಪಟ್ಟಾಯದಲ್ಲಿ ಲೇಟೆಕ್ಸ್ ದಿಂಬು. ಕಾರ್ಯಕ್ರಮ ಪಟ್ಟಿಯಲ್ಲಿ ಇವೆಲ್ಲ 'ಭೇಟಿ' ಎಂದು ಬರೆದಿರುತ್ತದೆ. ಇಂಥ ಮಳಿಗೆಗಳಲ್ಲಿ ಮಾರಾಟದ ಮೇಲೆ ಗೈಡಿಗೆ, ಏಜೆಂಟಿಗೆ ಕಮಿಷನ್ ಹೋಗುವುದು ಸಾಮಾನ್ಯ. ಆ ಕಮಿಷನ್ ಬೆಲೆಯಲ್ಲೇ ಕೂಡಿರುತ್ತದೆ. ಚೀನಾ 2013ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದ ಪ್ರವಾಸೋದ್ಯಮ ಕಾನೂನಿನಲ್ಲಿ, ಅಗ್ಗದ ದರದ ಆಸೆ ತೋರಿಸಿ ಕರೆತಂದು ಅಂಗಡಿಗಳಿಂದ ಕಮಿಷನ್ ಪಡೆಯುವುದನ್ನೇ ನಿಷೇಧಿಸಿತು. ಸಮಸ್ಯೆ ಎಷ್ಟು ಬೆಳೆದಿತ್ತು ಎಂದು ಇದರಿಂದಲೇ ತಿಳಿಯುತ್ತದೆ.

ಬ್ಯಾಂಕಾಕ್‌ನ ಹರಳಿನ ಮೋಸವಂತೂ ದಶಕಗಳಿಂದ ನಡೆದು ಬಂದದ್ದು. ಅರಮನೆಯ ಹತ್ತಿರ ಒಬ್ಬ ಸಭ್ಯ ವ್ಯಕ್ತಿ ಮಾತಿಗೆ ಸಿಗುತ್ತಾನೆ. ಇವತ್ತು ಅರಮನೆ ಮುಚ್ಚಿದೆ ಎನ್ನುತ್ತಾನೆ. ಟುಕ್‌ಟುಕ್ ಹತ್ತಿಸಿ ಬೇರೆ ದೇವಸ್ಥಾನ ತೋರಿಸುವ ವ್ಯವಸ್ಥೆ ಮಾಡುತ್ತಾನೆ. ದಾರಿಯಲ್ಲಿ ಒಂದು ಒಡವೆ ಅಂಗಡಿ. ಇವತ್ತು ಸರ್ಕಾರದ ವಿಶೇಷ ಮಾರಾಟ, ತೆರಿಗೆ ಇಲ್ಲ, ನಿಮ್ಮ ದೇಶದಲ್ಲಿ ಎರಡು ಪಟ್ಟಿಗೆ ಮಾರಬಹುದು ಅನ್ನುತ್ತಾರೆ. ಊರಿಗೆ ಬಂದು ತೋರಿಸಿದರೆ ಕೊಟ್ಟ ಬೆಲೆಯ ಒಂದು ಚೂರೂ ಬಾಳುವುದಿಲ್ಲ. ಹರಳು ಅಸಲಿ ಇರಬಹುದು, ಕೀಳು ದರ್ಜೆಯದು, ಅಷ್ಟೇ. ಹಾಗಾಗಿ 'ನಕಲಿ ಕೊಟ್ಟರು' ಎಂದು ಸಾಬೀತು ಮಾಡುವುದೂ ಕಷ್ಟ. ಇದನ್ನು ತಪ್ಪಿಸಲು ಒಂದೇ ದಾರಿ: 'ಊರಲ್ಲಿ ಲಾಭಕ್ಕೆ ಮಾರಬಹುದು' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹೊರಗೆ ಬನ್ನಿ. ಅಲ್ಲಿಂದ ಕೊರಿಯರ್ ಮಾಡಿಸಲು ಮಾತ್ರ ಒಪ್ಪಲೇಬೇಡಿ. ಪೊಟ್ಟಣ ಹೊರಟುಬಿಟ್ಟರೆ ಮರುದಿನ ಹೋಗಿ ವಾಪಸ್ ಕೊಡಲು ಕೈಯಲ್ಲಿ ವಸ್ತುವೇ ಇರುವುದಿಲ್ಲ.

ಒಂದು ವಿಷಯ ನೆನಪಿಡಿ. ಅಂಗಡಿ ಪರದೇಶದ್ದು, ಆದರೆ ಪ್ಯಾಕೇಜ್ ಮಾರಿದ ಟ್ರಾವೆಲ್ಸ್‌ನವರು ಇಲ್ಲಿಯವರು. ಪಟ್ಟಿಯಲ್ಲಿದ್ದ ಜಾಗ ತೋರಿಸದೆ ಅಂಗಡಿ ಸುತ್ತಿಸಿದರೆ ಅದು ಸೇವೆಯ ಕೊರತೆ. ಅದಕ್ಕೆ ನಮ್ಮ ಜಿಲ್ಲಾ ಆಯೋಗ ಇದ್ದೇ ಇದೆ. ಕಾರ್ಯಕ್ರಮ ಪಟ್ಟಿಯನ್ನು, ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ.

ತೆರಿಗೆ ವಾಪಸಾತಿ: ದಾರಿ ಯಾವುದು ಎಂಬುದೂ ಮುಖ್ಯ

ಪ್ರವಾಸಿ ಕೊಂಡು ಹೊರಗೆ ಒಯ್ಯುವ ವಸ್ತುವಿನ ಮೇಲಿನ ತೆರಿಗೆಯನ್ನು ಹಲವು ದೇಶಗಳು ವಾಪಸ್ ಕೊಡುತ್ತವೆ. ಸಿಂಗಾಪುರದಲ್ಲಿ 2024ರ ಜನವರಿಯಿಂದ ಜಿಎಸ್‌ಟಿ ಶೇ. 9. ಒಂದೇ ಅಂಗಡಿಯಲ್ಲಿ ಒಂದೇ ದಿನ 100 ಡಾಲರ್‌ಗೆ ಕಡಿಮೆ ಇಲ್ಲದ ಹಾಗೆ ಕೊಂಡಿರಬೇಕು, ಮೂರು ಬಿಲ್ಲುಗಳವರೆಗೆ ಕೂಡಿಸಬಹುದು. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ದಾಖಲು ಮಾಡಿಸಬೇಕು. ಆಮೇಲೆ ಹೋಗಿ ಕೇಳಿದರೆ ಆಗುವುದಿಲ್ಲ. ಮಧ್ಯದ ಏಜೆನ್ಸಿ ಶುಲ್ಕ ಹಿಡಿಯುವುದರಿಂದ ಪೂರ್ತಿ ಶೇ. 9 ಕೈಗೆ ಬರುವುದಿಲ್ಲ.

ಇದರಲ್ಲಿ ನಮ್ಮವರು ಸಿಕ್ಕಿಬೀಳುವ ಒಂದು ಗಂಟಿದೆ. ಈ ವಾಪಸಾತಿ ಸಿಂಗಾಪುರದ ವಿಮಾನ ನಿಲ್ದಾಣದ ಮೂಲಕ ಹೊರಡುವವರಿಗೆ ಮಾತ್ರ. ಸಿಂಗಾಪುರ-ಮಲೇಷ್ಯಾ ಜೋಡಿ ಪ್ಯಾಕೇಜ್‌ನಲ್ಲಿ ಸಿಂಗಾಪುರ ಮುಗಿಸಿ ಬಸ್ಸಿನಲ್ಲಿ ಗಡಿ ದಾಟಿ, ಕ್ವಾಲಾಲಂಪುರದಿಂದ ಊರಿಗೆ ವಿಮಾನ ಹತ್ತುವ ಏರ್ಪಾಡು ಇದ್ದರೆ, ಬಿಲ್ಲು ಎಷ್ಟೇ ಜೋಪಾನವಾಗಿ ಇಟ್ಟರೂ ಒಂದು ಡಾಲರೂ ಬರುವುದಿಲ್ಲ. ಮೊದಲು ಮಲೇಷ್ಯಾ, ಆಮೇಲೆ ಸಿಂಗಾಪುರ ಎಂದು ತಿರುಗಿಸಿದ ಪ್ಯಾಕೇಜ್ ಆದರೆ ಬರುತ್ತದೆ. ದೊಡ್ಡ ಖರೀದಿ ಮನಸ್ಸಿನಲ್ಲಿದ್ದರೆ ಪ್ಯಾಕೇಜ್ ಆರಿಸುವಾಗಲೇ ಇದನ್ನು ಕೇಳಬೇಕು.

ಯುರೋಪ್ ಬಸ್ ಪ್ರವಾಸದಲ್ಲೂ ಇಂಥದೇ ತೊಡಕು. ಸ್ವಿಟ್ಜರ್ಲೆಂಡ್ ಯುರೋಪ್ ಒಕ್ಕೂಟದ ಒಳಗಿಲ್ಲ. ಅಲ್ಲಿ 300 ಫ್ರಾಂಕ್ ದಾಟಿದ ವಾಚು ಕೊಂಡರೆ ಶೇ. 8.1ರ ತೆರಿಗೆ ವಾಪಸ್ ಕೇಳಬಹುದು. ಆದರೆ ಬಸ್ಸು ಇಟಲಿಗೆ ದಾಟುವಾಗ ಸ್ವಿಸ್ ಗಡಿಯಲ್ಲೇ ಕಸ್ಟಮ್ಸ್ ಮುದ್ರೆ ಬೀಳಬೇಕು. ರೋಮ್ ವಿಮಾನ ನಿಲ್ದಾಣದಲ್ಲಿ ಸ್ವಿಸ್ ಕಾಗದಕ್ಕೆ ಮುದ್ರೆ ಹಾಕುವುದಿಲ್ಲ. ಪ್ಯಾರಿಸ್‌ನಲ್ಲಿ ಕೊಂಡದ್ದಕ್ಕೆ ಬೇರೆ ಲೆಕ್ಕ, ಅದಕ್ಕೆ ಒಕ್ಕೂಟದಿಂದ ಕೊನೆಗೆ ಹೊರಬೀಳುವ ಜಾಗದಲ್ಲಿ ಮುದ್ರೆ. ಟೂರ್ ಮ್ಯಾನೇಜರ್‌ಗೆ ಮುಂಚಿತವಾಗಿ ಹೇಳಿಟ್ಟರೆ ಗಡಿಯಲ್ಲಿ ಹತ್ತು ನಿಮಿಷ ನಿಲ್ಲಿಸುತ್ತಾರೆ. ಹೇಳದಿದ್ದರೆ ಬಸ್ಸು ಮುಂದೆ ಹೋಗಿರುತ್ತದೆ.

ಉಳಿದ ಕಡೆಯದ್ದು ಬೇಗ ಹೇಳಿಬಿಡುತ್ತೇನೆ. ಥಾಯ್ಲೆಂಡಿನಲ್ಲಿ ತೆರಿಗೆ ಶೇ. 7, ಒಂದು ಅಂಗಡಿಯಲ್ಲಿ ದಿನಕ್ಕೆ 2,000 ಬಾತ್ ದಾಟಬೇಕು. ದುಬೈನಲ್ಲಿ ಶೇ. 5, 250 ದಿರ್ಹಮ್ ದಾಟಬೇಕು. ಆಸ್ಟ್ರೇಲಿಯಾದಲ್ಲಿ ಶೇ. 10, ಒಂದೇ ಮಾರಾಟಗಾರರಿಂದ 300 ಡಾಲರ್. ಜಪಾನ್‌ನಲ್ಲಿ ಅಂಗಡಿಯಲ್ಲೇ ತೆರಿಗೆ ಬಿಡುವ ಪದ್ಧತಿ ಇತ್ತು, ಅದನ್ನು 2026ರ ನವೆಂಬರ್‌ನಿಂದ ವಿಮಾನ ನಿಲ್ದಾಣದಲ್ಲಿ ವಾಪಸ್ ಕೊಡುವ ಪದ್ಧತಿಗೆ ಬದಲಿಸಲು ತೀರ್ಮಾನವಾಗಿದೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ 2021ರ ಜನವರಿಯಿಂದ ಈ ಸೌಲಭ್ಯವೇ ಇಲ್ಲ. ಅಮೆರಿಕದಲ್ಲಿ ವ್ಯಾಟ್ ಎಂಬುದೇ ಇಲ್ಲ. ಅಲ್ಲಿರುವುದು ರಾಜ್ಯಗಳ ಸೇಲ್ಸ್ ಟ್ಯಾಕ್ಸ್, ಅದೂ ಬೆಲೆ ಚೀಟಿಯಲ್ಲಿ ಸೇರಿರುವುದಿಲ್ಲ, ಬಿಲ್ಲಿಂಗ್ ಕೌಂಟರಿನಲ್ಲಿ ಕೂಡುತ್ತದೆ.

ಎಲ್ಲ ಕಡೆಗೂ ಸಲ್ಲುವ ಮಾತು: ವಸ್ತುವನ್ನು ತೋರಿಸಿ ಎಂದು ಕಸ್ಟಮ್ಸ್‌ನವರು ಕೇಳಬಹುದು. ಸೂಟ್‌ಕೇಸಿಗೆ ಹಾಕಿ ಚೆಕ್‌ಇನ್ ಮಾಡಿಬಿಟ್ಟರೆ ತೋರಿಸುವುದು ಹೇಗೆ? ಮೊದಲು ತೆರಿಗೆ ಕೌಂಟರ್, ಆಮೇಲೆ ಚೆಕ್‌ಇನ್. ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಮುಂಚೆಯೇ ಹೋಗಿ.

ಕಾರ್ಡ್ ಯಂತ್ರ ಕೇಳುವ ಪ್ರಶ್ನೆ

ಪರದೇಶದ ಅಂಗಡಿಯಲ್ಲಿ ಭಾರತದ ಕಾರ್ಡ್ ಹಾಕಿದರೆ ಯಂತ್ರದ ಪರದೆಯ ಮೇಲೆ ಎರಡು ಮೊತ್ತ ಬರುತ್ತದೆ. ಒಂದು ಅಲ್ಲಿನ ಹಣದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ನೋಡಿದರೆ ನಮಗೆ ಖುಷಿ, ಲೆಕ್ಕ ಸುಲಭ. ಅದನ್ನು ಒತ್ತಬೇಡಿ. ರೂಪಾಯಿ ಆರಿಸಿದ ಕೂಡಲೇ ವಿನಿಮಯ ದರವನ್ನು ನಿಗದಿ ಮಾಡುವುದು ಅಂಗಡಿಯ ಕಡೆಯ ಕಂಪನಿ. ಆ ದರದಲ್ಲಿ ಅವರ ಲಾಭ ಸೇರಿರುತ್ತದೆ. ಅದರ ಮೇಲೆ ಎಷ್ಟೋ ಭಾರತೀಯ ಬ್ಯಾಂಕುಗಳು ಪರದೇಶದಲ್ಲಿ ರೂಪಾಯಿಯಲ್ಲಿ ನಡೆದ ವಹಿವಾಟಿಗೂ ಪ್ರತ್ಯೇಕ ಶುಲ್ಕ ಹಾಕುತ್ತವೆ. ಎರಡು ಕಡೆ ಕಡಿತ. ಅಲ್ಲಿನ ಹಣವನ್ನೇ ಆರಿಸಿದರೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಮಾತ್ರ. ಅದು ಹೆಚ್ಚಿನ ಕಾರ್ಡ್‌ಗಳಲ್ಲಿ ಶೇ. 2ರಿಂದ 3.5, ಮೇಲೆ ಜಿಎಸ್‌ಟಿ.

ಕೆಲವು ಅಂಗಡಿಯವರು ನಮ್ಮನ್ನು ಕೇಳದೆ ತಾವೇ ರೂಪಾಯಿ ಒತ್ತಿಬಿಡುತ್ತಾರೆ. ಆಯ್ಕೆ ಗ್ರಾಹಕನದೇ ಎಂದು ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳೇ ಹೇಳುತ್ತವೆ. ಚೀಟಿ ಕೈಗೆ ಬಂದ ಕೂಡಲೇ ನೋಡಿ. ರೂಪಾಯಿ ಎಂದಿದ್ದರೆ ಅಲ್ಲೇ ರದ್ದು ಮಾಡಿಸಿ, ಮತ್ತೆ ಹಾಕಿಸಿ.

ಹೊರಡುವ ಮುಂಚೆ ಕಾರ್ಡ್‌ನಲ್ಲಿ ವಿದೇಶಿ ಬಳಕೆಯನ್ನು ಆನ್ ಮಾಡಿಕೊಳ್ಳಲು ಮರೆಯಬೇಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಕಾರ್ಡ್‌ಗಳು ಭಾರತದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ನಗದು ಸ್ವಲ್ಪ ಇರಲಿ, ಆದರೆ ಬೆಲೆಬಾಳುವ ವಸ್ತುವಿಗೆ ಕ್ರೆಡಿಟ್ ಕಾರ್ಡೇ ಒಳ್ಳೆಯದು. ಊರಿಗೆ ಬಂದ ಮೇಲೂ ಕೈಯಲ್ಲಿ ಉಳಿಯುವ ಹಿಡಿತ ಅದೊಂದೇ. ಅದರ ವಿಷಯ ಕೊನೆಗೆ ಹೇಳುತ್ತೇನೆ.

ಎಲೆಕ್ಟ್ರಾನಿಕ್ಸ್ ಕೊಳ್ಳುವಾಗ ಅಗ್ಗ ಎಂಬುದಕ್ಕಿಂತ ಮುಂಚೆ 'ಇದು ನಮ್ಮೂರಲ್ಲಿ ನಡೆಯುತ್ತದಾ' ಎಂದು ನೋಡಬೇಕು. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಐಫೋನ್ 14ರಿಂದ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಐಫೋನ್ 17ರಲ್ಲಿ ದುಬೈನಲ್ಲಿ ಮಾರುವುದೂ ಹಾಗೇ. ಅಪ್ಪನಿಗೆ ಕೊಡುವ ಫೋನ್ ಆದರೆ ಇದನ್ನು ಯೋಚಿಸಿ. ಜಪಾನ್‌ನಲ್ಲಿ ಮಾರುವ ಫೋನ್‌ಗಳ ಕ್ಯಾಮೆರಾ ಸದ್ದನ್ನು ಅಲ್ಲಿ ಆಫ್ ಮಾಡಲು ಬರುವುದಿಲ್ಲ. ಜಪಾನಿನ ವಿದ್ಯುತ್ 100 ವೋಲ್ಟ್, ಅಮೆರಿಕದ್ದು 120, ನಮ್ಮದು 230. ಅಲ್ಲಿನ ರೈಸ್ ಕುಕ್ಕರನ್ನು ತಂದು ಇಲ್ಲಿ ಪ್ಲಗ್ಗಿಗೆ ಹಾಕಿದರೆ ಒಂದೇ ಸಲಕ್ಕೆ ಸುಟ್ಟು ಹೋಗುತ್ತದೆ. ಹಿಂಬದಿಯ ಚೀಟಿಯಲ್ಲಿ '100–240' ಎಂದು ಇದೆಯಾ ನೋಡಿಕೊಳ್ಳಿ.

ವಾರಂಟಿ ಇಂಟರ್‌ನ್ಯಾಷನಲ್ ಹೌದೋ ಅಲ್ಲವೋ ಎಂದು ಅಂಗಡಿಯವನನ್ನು ಕೇಳುವುದರ ಜೊತೆಗೆ ಕಂಪನಿಯ ವೆಬ್‌ಸೈಟಿನಲ್ಲೂ ನೋಡಿ. ಫೋನ್ ಆದರೆ ಅಂಗಡಿಯಲ್ಲೇ ಡಬ್ಬ ತೆಗೆಸಿ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ಬರುತ್ತದೆ. ಪರದೆಯ ಮೇಲಿನ ಸಂಖ್ಯೆ, ಡಬ್ಬದ ಮೇಲಿನ ಸಂಖ್ಯೆ, ಬಿಲ್ಲಿನ ಸಂಖ್ಯೆ ಮೂರೂ ಒಂದೇ ಇರಬೇಕು. ಬಿಲ್ಲಿನಲ್ಲಿ ಸಂಖ್ಯೆ ಇಲ್ಲದಿದ್ದರೆ ಬರೆಸಿಕೊಳ್ಳಿ. ಎರಡು ನಿಮಿಷದ ಕೆಲಸ. ನಾಳೆ ಜಗಳವಾದರೆ ಇದೇ ಆಧಾರ.

ದುಬೈ ಚಿನ್ನದ ಲೆಕ್ಕ

ದುಬೈನಲ್ಲಿ ಚಿನ್ನ ಅಗ್ಗ ಎಂಬ ಮಾತು ಕರಾವಳಿಯ ಮನೆಮನೆಯಲ್ಲೂ ಇದೆ. ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿಗೆ ದುಡಿಯಲು ಹೋದವರು ತಂದ ಒಡವೆಯಿಂದ ಎಷ್ಟೋ ಮದುವೆಗಳು ನಡೆದಿವೆ. ಆ ಕಾಲಕ್ಕೆ ಅದು ನಿಜವೂ ಆಗಿತ್ತು. ಈಗ ಲೆಕ್ಕ ಬದಲಾಗಿದೆ. ದುಬೈನಲ್ಲಿ 2018ರಿಂದ ಒಡವೆಗೆ ಶೇ. 5 ವ್ಯಾಟ್ ಬಂತು. ಇತ್ತ ಭಾರತ 2024ರ ಜುಲೈನಲ್ಲಿ ಚಿನ್ನದ ಆಮದು ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿತು. ಎರಡು ಊರುಗಳ ನಡುವಿನ ಅಂತರ ಅಷ್ಟರ ಮಟ್ಟಿಗೆ ಸವೆಯಿತು.

ದುಬೈನ ಬಿಲ್ಲನ್ನು ಬಿಡಿಸಿ ನೋಡಿ. ಮೊದಲ ಸಾಲು ಚಿನ್ನದ ದರ. ಅದು ಊರಿಗೆಲ್ಲ ಒಂದೇ, ಅಂಗಡಿಯ ಬೋರ್ಡಿನ ಮೇಲೆ ಇರುತ್ತದೆ, ಅದರಲ್ಲಿ ಚೌಕಾಸಿ ಇಲ್ಲ. ಎರಡನೇ ಸಾಲು ಮೇಕಿಂಗ್ ಚಾರ್ಜ್. ಚೌಕಾಸಿ ನಡೆಯುವುದು ಇಲ್ಲಿ, ಮಾಡಲೇಬೇಕು. ಕುಸುರಿ ಕೆಲಸ ಜಾಸ್ತಿ ಇದ್ದಷ್ಟೂ ಇದು ಏರುತ್ತದೆ, ಮುಂದೆ ಒಡವೆ ಮಾರುವಾಗ ಇದರಲ್ಲಿ ಒಂದು ಪೈಸೆಯೂ ಹಿಂದೆ ಬರುವುದಿಲ್ಲ. ಮೂರನೇ ಸಾಲು ವ್ಯಾಟ್. ಹರಳು ಕೂರಿಸಿದ ಒಡವೆಯಾದರೆ ಹರಳಿನ ತೂಕ ಕಳೆದು ಚಿನ್ನದ ತೂಕವನ್ನು ಬೇರೆಯಾಗಿ ಬರೆಸಿ. ಇಷ್ಟು ವಿವರ ಇಲ್ಲದೆ ಒಟ್ಟು ಮೊತ್ತ ಮಾತ್ರ ಬರೆದ ಬಿಲ್ಲನ್ನು ಒಪ್ಪಿಕೊಳ್ಳಬೇಡಿ.

ಇನ್ನು ನಮ್ಮ ಕಸ್ಟಮ್ಸ್. ಒಂದು ವರ್ಷಕ್ಕಿಂತ ಹೆಚ್ಚು ಹೊರಗೆ ವಾಸವಿದ್ದು ಬರುವವರಿಗೆ ಒಡವೆಗೆ ವಿಶೇಷ ವಿನಾಯಿತಿ ಇದೆ. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ. ಒಂದು ವಾರದ ಪ್ರವಾಸಕ್ಕೆ ಹೋಗಿ ಬಂದವರಿಗೆ ಇದು ಅನ್ವಯಿಸುವುದಿಲ್ಲ. ಇದನ್ನು ತಿಳಿಯದೆ '40 ಗ್ರಾಂ ತರಬಹುದಂತೆ' ಎಂದು ನಂಬಿ ಬಂದು ಕೌಂಟರಿನಲ್ಲಿ ಕಣ್ಣೀರು ಹಾಕುವವರ ಬಗ್ಗೆ ನನಗೆ ನಿಜವಾಗಿ ಸಂಕಟವಾಗುತ್ತದೆ. ವಾರದ ಪ್ರವಾಸಿಯ ಒಡವೆ ಸಾಮಾನ್ಯ ಮಿತಿಯೊಳಗೇ ಬರಬೇಕು. 2016ರ ನಿಯಮದಲ್ಲಿ 50,000 ರೂಪಾಯಿ ಇದ್ದ ಆ ಮಿತಿ 2026ರ ಫೆಬ್ರವರಿಯಿಂದ 75,000 ಆಗಿದೆ. 2025ರ ಕೊನೆಗೇ ಅಪರಂಜಿ ಚಿನ್ನ ಗ್ರಾಂಗೆ 12,000 ರೂಪಾಯಿ ದಾಟಿತ್ತು. ಆ ಮಿತಿಯೊಳಗೆ ಒಂದು ತೆಳು ಸರ ಬರಬಹುದು, ಅಷ್ಟೇ. ಬಿಸ್ಕತ್ತು, ನಾಣ್ಯದ ರೂಪದ ಚಿನ್ನಕ್ಕೆ ಆ ಮಿತಿಯೂ ಸಿಗುವುದಿಲ್ಲ. ಗಂಡ-ಹೆಂಡತಿ ಇಬ್ಬರ ಮಿತಿ ಕೂಡಿಸಿ ಒಂದೇ ವಸ್ತು ತರುವುದಕ್ಕೂ ಅವಕಾಶವಿಲ್ಲ.

ಮಿತಿ ದಾಟಿದ್ದರೆ ಕೆಂಪು ಚಾನೆಲ್‌ಗೆ ಹೋಗಿ, ಘೋಷಿಸಿ, ಸುಂಕ ಕಟ್ಟಿ. ಘೋಷಿಸಲು ಏನೂ ಇಲ್ಲದವರ ಹಸಿರು ಚಾನೆಲ್‌ನಲ್ಲಿ ಹೊರಟು ಸಿಕ್ಕಿಬಿದ್ದರೆ ಸುಂಕದ ಜೊತೆ ದಂಡ, ವಸ್ತು ಮುಟ್ಟುಗೋಲು. ಬೇರೆಯವರ ಪೊಟ್ಟಣವನ್ನಂತೂ ಯಾರು ಕೇಳಿದರೂ ತರಬೇಡಿ, ಎಷ್ಟೇ ಹತ್ತಿರದವರಾದರೂ.

ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತಿರುವುದು ಇನ್ನೊಂದಿದೆ. ಮಗಳ ಬಾಣಂತನಕ್ಕೆಂದು ಹೊರಟ ತಾಯಿ ಮೈಮೇಲೆ ಮಾಂಗಲ್ಯ ಸರ, ನಾಲ್ಕು ಬಳೆ ಹಾಕಿಕೊಂಡೇ ಹೋಗುತ್ತಾರೆ. ಆರು ತಿಂಗಳು ಬಿಟ್ಟು ವಾಪಸ್ ಬಂದಾಗ ಇದು ಇಲ್ಲಿಂದಲೇ ಒಯ್ದದ್ದು ಎಂದು ತೋರಿಸುವುದು ಹೇಗೆ? ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರ ಹತ್ತಿರ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಒಡವೆ ಜಾಸ್ತಿ ಇದ್ದರೆ ಸ್ವಲ್ಪ ಬೇಗ ಹೋಗಿ ಇದನ್ನು ಮಾಡಿಸಿ. ಒಡವೆಯ ಹಳೆಯ ಬಿಲ್ಲು, ಫೋಟೊ ಫೋನಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು.

ದುಬೈ ಒಡವೆ ಇಲ್ಲಿ ಮಾರುವಾಗಲೂ ತೊಡಕಿದೆ. ನಮ್ಮಲ್ಲಿ 2023ರ ಏಪ್ರಿಲ್‌ನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರದ ಎಚ್‌ಯುಐಡಿ ಗುರುತು ಇರಲೇಬೇಕು. ದುಬೈ ಒಡವೆಯಲ್ಲಿ ಅಲ್ಲಿನ ಮುದ್ರೆ ಇರುತ್ತದೆ, ಇಲ್ಲಿನದು ಇರುವುದಿಲ್ಲ. ಹಾಗಾಗಿ ಇಲ್ಲಿನ ಅಂಗಡಿಯವರು ಪರೀಕ್ಷೆ ಮಾಡಿ, ಕರಗಿಸುವ ನಷ್ಟ ಹಿಡಿದು ಬೆಲೆ ಹೇಳುತ್ತಾರೆ. ಮಗಳಿಗೆ ಇಷ್ಟವಾದ ವಿನ್ಯಾಸ ಸಿಕ್ಕಿತು ಎಂದು ತನ್ನಿ, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಉಳಿತಾಯವಾಗುತ್ತದೆ ಎಂದು ತರುವುದಾದರೆ ಈ ಎಲ್ಲ ಸಾಲುಗಳನ್ನು ಮೊದಲು ಕಾಗದದ ಮೇಲೆ ಕೂಡಿಸಿ ನೋಡಿ.

ಊರಿಗೆ ಬಂದ ಮೇಲೆ

ಎಲ್ಲ ಎಚ್ಚರ ವಹಿಸಿದರೂ ಒಮ್ಮೊಮ್ಮೆ ಮನೆಗೆ ಬಂದು ಡಬ್ಬ ತೆರೆದಾಗ ಹೇಳಿದ ವಸ್ತು ಇರುವುದಿಲ್ಲ. ಅಂಗಡಿ ಸಾವಿರಾರು ಮೈಲಿ ದೂರ. ಆಗ ಕೈಯಲ್ಲಿ ಇರುವುದು ಕಾರ್ಡ್ ವಿವಾದ, ಬ್ಯಾಂಕಿನವರು ಚಾರ್ಜ್‌ಬ್ಯಾಕ್ ಅನ್ನುವುದು. ಹೇಳಿದ್ದೇ ಒಂದು ಕೊಟ್ಟಿದ್ದೇ ಒಂದು, ದೋಷವಿರುವ ವಸ್ತು, ಕಳಿಸುತ್ತೇವೆಂದು ಹೇಳಿ ಕಳಿಸಲೇ ಇಲ್ಲ, ಎರಡು ಸಲ ಹಣ ಕಡಿತವಾಗಿದೆ: ಇಂಥ ಕಾರಣಗಳಿಗೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ವಿವಾದ ದಾಖಲಿಸಬಹುದು. ಬ್ಯಾಂಕು ಅದನ್ನು ಕಾರ್ಡ್ ಜಾಲದ ಮೂಲಕ ಅಂಗಡಿಯ ಬ್ಯಾಂಕಿಗೆ ಕಳಿಸುತ್ತದೆ. ಉತ್ತರ ಕೊಡುವ ಹೊಣೆ ಆಗ ಅಂಗಡಿಯವನ ಮೇಲೆ ಬೀಳುತ್ತದೆ. ಇದಕ್ಕೆ ಗಡುವಿದೆ. ಹೆಚ್ಚಿನ ಕಾರಣಗಳಿಗೆ ಸುಮಾರು 120 ದಿನ, ಆದರೆ ಅಷ್ಟು ದಿನ ಕಾಯಬೇಡಿ, ಬಂದ ವಾರವೇ ಮಾಡಿ.

ಮೊದಲು ಅಂಗಡಿಗೆ ಒಂದು ಇಮೇಲ್ ಹಾಕಿ. ಏನು ಕೊಂಡಿರಿ, ಯಾವತ್ತು, ಎಷ್ಟಕ್ಕೆ, ಏನು ತಪ್ಪಾಗಿದೆ, ನಿಮಗೆ ಏನು ಬೇಕು. ಐದು ಸಾಲು ಸಾಕು. ಅವರು ಉತ್ತರಿಸದಿದ್ದರೂ ಪರವಾಗಿಲ್ಲ, ನೀವು ಕೇಳಿದ್ದಕ್ಕೆ ಅದು ಪುರಾವೆ. ಆ ಇಮೇಲ್, ಬಿಲ್ಲು, ಕಾರ್ಡ್ ಚೀಟಿ, ವಸ್ತುವಿನ ಫೋಟೊ, ಅವರ ಜಾಹೀರಾತಿನ ಅಥವಾ ಸಂದೇಶದ ಸ್ಕ್ರೀನ್‌ಶಾಟ್ ಒಟ್ಟಿಗೆ ಸೇರಿಸಿ ಬ್ಯಾಂಕಿಗೆ ಕೊಡಿ. ಫೋನಿನಲ್ಲಿ ಹೇಳಿ ಸುಮ್ನೆ ಇರಬೇಡಿ, ಬರಹದಲ್ಲಿ ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ನಗದು ಕೊಟ್ಟಿದ್ದರೆ ಈ ದಾರಿ ಇಲ್ಲ. ಅದಕ್ಕೇ ದೊಡ್ಡ ಖರೀದಿಗೆ ಕಾರ್ಡ್ ಎಂದದ್ದು.

ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಸರಿಯಾದ ಕಾರಣ ಕೊಡದೆ ತಳ್ಳಿಹಾಕಿದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು, ಶುಲ್ಕವಿಲ್ಲ, ವಕೀಲರೂ ಬೇಡ. ಅಂಗಡಿ ಯಾವ ದೇಶದ್ದೇ ಆಗಿರಲಿ, ಬ್ಯಾಂಕು ಇಲ್ಲಿಯದು. ಹಾಗಾಗಿ ಅದು ನಿಮಗೆ ಉತ್ತರ ಕೊಡಲೇಬೇಕು.